ಮಗಳು ಐದನೇ ಕ್ಲಾಸು, ಮಗ ಏಳನೇ ಕ್ಲಾಸು: ಮೈ ಬದಲಾಗೋದರ ಬಗ್ಗೆ ಯಾವಾಗ, ಎಷ್ಟು, ಹೇಗೆ ಹೇಳೋದು?

ಬೆಣ್ಣೆನಗರಿ_ಅಮ್ಮ
ಎಲ್ಲರಿಗೂ ನಮಸ್ಕಾರ. ದಾವಣಗೆರೆಯವಳು, ಬ್ಯಾಂಕಲ್ಲಿ ಕೆಲಸ. ಮಗಳಿಗೆ ಹತ್ತು ತುಂಬಿದೆ, ಮಗನಿಗೆ ಹನ್ನೆರಡೂವರೆ.

ಹೋದ ವಾರ ರಾತ್ರಿ ಮಗಳಿಗೆ ತಲೆ ಬಾಚ್ತಾ ಇದ್ದೆ, ಇದ್ದಕ್ಕಿದ್ದಂಗೆ ಅಳೋಕೆ ಶುರು ಮಾಡಿದ್ಲು. ಏನಾಯ್ತೇ ಅಂದ್ರೆ ಬಾಯಿ ಬಿಡಲ್ಲ. ಆಮೇಲೆ ನನ್ನ ಕೈ ಹಿಡ್ಕೊಂಡು ಎಡಗಡೆ ಎದೆ ಮೇಲಿಟ್ಟು "ಇಲ್ಲಿ ಗಂಟಿದೆ ಅಮ್ಮ, ಬೆಂಚಿಗೆ ತಾಗಿದ್ರೆ ನೋಯುತ್ತೆ, ದೊಡ್ಡಮ್ಮಂಗೆ ಬಂದಿದ್ದೇ ನಂಗೂ ಬಂದಿದ್ಯಾ" ಅಂದ್ಲು. ನಮ್ಮಕ್ಕಂಗೆ ಎದೆ ಕ್ಯಾನ್ಸರ್ ಆಗಿ ಆಪರೇಷನ್ ಆಗಿತ್ತು, ಈಗ ಆರಾಮಿದಾಳೆ, ಆದ್ರೆ ಮನೇಲಿ ದೊಡ್ಡೋರು ಮಾತಾಡಿದ್ದೆಲ್ಲ ಈ ಕೂಸು ಕೇಳಿಸ್ಕೊಂಡಿದೆ. ಎಷ್ಟು ರಾತ್ರಿ ಒಬ್ಬಳೇ ಹೆದರ್ಕೊಂಡು ಮಲಗಿತ್ತೋ ನೆನೆಸ್ಕೊಂಡ್ರೆ ಹೊಟ್ಟೇಲಿ ಸಂಕಟ ಆಗುತ್ತೆ. ಒಂದೇ ಕಡೆ ಗಂಟಿರೋದು ನೋಡಿ ನಂಗೂ ಒಳಗೊಳಗೇ ಭಯ.

ಈಗ ಮುಟ್ಟಿನ ಬಗ್ಗೆನೂ ಹೇಳ್ಬಿಡೋಣ ಅಂದ್ರೆ ಅತ್ತೆ ಬೇಡ ಅಂತಾರೆ, "ಈಗ್ಲೇ ತಲೆಗೆ ತುಂಬಿದ್ರೆ ಬೇಗ ಆಗ್ಬಿಡ್ತಾಳೆ" ಅಂತ. ಮಗನ ವಿಷಯ ಇನ್ನೊಂಥರ. ಎರಡು ತಿಂಗಳಿಂದ ಸ್ವಿಮ್ಮಿಂಗ್ ಕ್ಲಾಸಿಗೆ ಹೋಗಲ್ಲ ಅಂತ ಹಟ, ಮನೇಲೂ ಶರ್ಟ್ ಬಿಚ್ಚಲ್ಲ, ಮಾತಾಡ್ಸಿದ್ರೆ ಸಿಡುಕು. ಯಜಮಾನ್ರಿಗೆ ಅವನ ಹತ್ರ ಕೂತು ಮಾತಾಡಿ ಅಂದ್ರೆ "ನಂಗ್ಯಾರು ಹೇಳಿದ್ರು, ನಾನು ತಿಳ್ಕೊಳ್ಲಿಲ್ವಾ" ಅಂತಾರೆ. ನೀವೆಲ್ಲ ನಿಮ್ಮ ಮಕ್ಕಳಿಗೆ ಹೇಗೆ ಹೇಳಿದ್ರಿ? ದಯವಿಟ್ಟು ನಿಜವಾಗಿ ಮಾಡಿದ್ದು ಹೇಳಿ.

ತುಂಗಾತೀರ
ಮೊದಲು ಮಗೂನ ಒಂದ್ಸಲ ಮಕ್ಕಳ ಡಾಕ್ಟ್ರಿಗೆ ತೋರಿಸಿ. ನಿಮಗೂ ಸಮಾಧಾನ ಆಗುತ್ತೆ, ಅವಳಿಗೂ.

ಮಕ್ಕಳ_ಡಾಕ್ಟ್ರು
ಶಿಶುತಜ್ಞೆ ನಾನು. ನೋಡದೆ ಯಾವ ಮಗೂಗೂ ರೋಗ ಇದೆ ಇಲ್ಲ ಅಂತ ಹೇಳಲ್ಲ, ಆದ್ರೆ ನೀವು ಬರ್ದಿರೋದನ್ನ ಓದಿದ್ರೆ ಇದು ಸ್ತನ ಮೊಳೆಯೋದರ ಮೊದಲ ಹಂತದ ಥರಾನೇ ಇದೆ. ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ ಮೊದಲು ಕಾಣೋ ಬದಲಾವಣೆ ಇದೇ, 8ರಿಂದ 13 ವರ್ಷದೊಳಗೆ ಯಾವಾಗ ಬೇಕಾದ್ರೂ ಶುರು ಆಗ್ಬೋದು. ಮೊಲೆತೊಟ್ಟಿನ ಕೆಳಗೆ ಕಡಲೆಬೀಜದಷ್ಟು ಗಟ್ಟಿ, ಒತ್ತಿದ್ರೆ ನೋವು. ಒಂದೇ ಕಡೆ ಮೊದಲು ಬರೋದು ತೀರಾ ಸಾಮಾನ್ಯ, ಇನ್ನೊಂದು ಕಡೆ ಕೆಲವು ತಿಂಗಳು ಬಿಟ್ಟು ಬರುತ್ತೆ. ನನ್ನ ಹತ್ರ ಇದಕ್ಕೆ ಅಂತಾನೇ ಗಾಬರಿಯಾಗಿ ಬರೋ ತಾಯಂದಿರು ತುಂಬ ಜನ. ಪದೇಪದೇ ಹಿಸುಕಿ ನೋಡ್ಬೇಡಿ, ಬಿಸಿ ಶಾಖ ಕೊಡ್ಬೇಡಿ. ಕೆಂಪಾಗಿ ಬಿಸಿ ಇದ್ರೆ, ಕೀವು ನೀರು ಬಂದ್ರೆ, ಜ್ವರ ಬಂದ್ರೆ ತಡ ಮಾಡದೆ ಬನ್ನಿ.

ಇದು ಶುರುವಾಗಿ ಸುಮಾರು ಎರಡು ಎರಡೂವರೆ ವರ್ಷಕ್ಕೆ ಮೊದಲ ಮುಟ್ಟು ಬರೋದು. ಕೆಲವರಿಗೆ ಬೇಗ, ಕೆಲವರಿಗೆ ನಿಧಾನ. ಅಂದ್ರೆ ನಿಮಗೆ ಮಾತಾಡೋಕೆ ಬೇಕಾದಷ್ಟು ಟೈಮಿದೆ, ಆದ್ರೆ ಶುರು ಮಾಡೋ ಟೈಮು ಇದೇ.

ಹೇಳಿದ್ರೆ ಬೇಗ ಆಗ್ತಾಳೆ ಅನ್ನೋದು ಸುಳ್ಳು. ಮಿದುಳಿಂದ ಹಾರ್ಮೋನ್ ಸಂಕೇತ ಹೊರಟು ಅಂಡಾಶಯ ಕೆಲಸ ಶುರು ಮಾಡುತ್ತೆ, ಅದಕ್ಕೆ ಅಮ್ಮನ ಮಾತು ಕೇಳಿಸಲ್ಲ. ಎಂಟು ತುಂಬೋದ್ರೊಳಗೆ ಹುಡುಗಿಗೆ, ಒಂಬತ್ತರೊಳಗೆ ಹುಡುಗನಿಗೆ ಬದಲಾವಣೆ ಶುರುವಾದ್ರೆ ತೋರಿಸ್ಬೇಕು. ಹುಡುಗಿಗೆ 13, ಹುಡುಗನಿಗೆ 14 ಆದ್ರೂ ಏನೂ ಇಲ್ಲ ಅಂದ್ರೂ ತೋರಿಸ್ಬೇಕು. 15 ಆದ್ರೂ ಮುಟ್ಟು ಬಂದಿಲ್ಲ ಅಂದ್ರೂ ಅಷ್ಟೇ.

ಮಂಡ್ಯ_ಗೌಡ್ರು
ಈಗಿನ ಮಕ್ಳು ಬೇಗ ಬೇಗ ಆಯ್ತಾವಲ್ಲ ಅದೆಲ್ಲ ಫಾರಂ ಕೋಳಿ ತಿಂದು. ಕೋಳಿಗೆ ಹಾರ್ಮೋನ್ ಇಂಜೆಕ್ಷನ್ ಚುಚ್ತಾರೆ. ನಾಟಿ ಕೋಳಿ ಕೊಡಿ, ಪ್ಯಾಕೆಟ್ ಹಾಲು ಬುಡ್ಸಿ.

ಕೋಳಿಫಾರಂ_ಕುಣಿಗಲ್
ಅಣ್ಣ, ನಾವು ಕೋಳಿ ಸಾಕೋರು. ಒಂದು ಶೆಡ್ಡಲ್ಲಿ ಸಾವಿರಗಟ್ಲೆ ಕೋಳಿ ಇರುತ್ವೆ, ಒಂದೊಂದನ್ನೂ ಹಿಡ್ದು ಇಂಜೆಕ್ಷನ್ ಕೊಡೋರು ಯಾರು? ತಳಿ ಅಂಥದ್ದು, ಫೀಡು ಅಂಥದ್ದು, ಅದಕ್ಕೆ ಬೇಗ ಬೆಳೆಯುತ್ತೆ. ಆ್ಯಂಟಿಬಯೋಟಿಕ್ ಜಾಸ್ತಿ ಹಾಕ್ತಾರೆ ಅಂತ ಬೈಯ್ರಿ, ಒಪ್ಕೋತೀನಿ. ಹಾರ್ಮೋನ್ ಅನ್ನೋದು ಗಾಳಿಮಾತು.

ಮಕ್ಕಳ_ಡಾಕ್ಟ್ರು
ಕುಣಿಗಲ್ ಅವರು ಹೇಳಿದ್ದು ಸರಿ. ಬೇಗ ಆಗೋದಕ್ಕೆ ನಮಗೆ ಚೆನ್ನಾಗಿ ಗೊತ್ತಿರೋ ಕಾರಣ ಅಂದ್ರೆ ತೂಕ. ಮೈಯಲ್ಲಿ ಕೊಬ್ಬು ಹೆಚ್ಚಿದ್ರೆ ಸಂಕೇತ ಬೇಗ ಹೊರಡುತ್ತೆ. ಅಜ್ಜಿಯರ ಕಾಲಕ್ಕಿಂತ ಈಗ ಊಟ ಚೆನ್ನಾಗಿ ಸಿಗ್ತಿರೋದೂ ಒಂದು ಕಾರಣ, ಅದು ಒಳ್ಳೇದೇ. ಹಾಲು ಮೊಟ್ಟೆ ನಿಲ್ಲಿಸ್ಬೇಡಿ ದಯವಿಟ್ಟು, ಆ ವಯಸ್ಸಲ್ಲಿ ಎಲುಬು ಬೆಳೀಬೇಕು. ಬೇಕಿದ್ರೆ ಕುರುಕಲು ತಿಂಡಿ, ಕೂಲ್ ಡ್ರಿಂಕ್ಸ್ ಕಡಿಮೆ ಮಾಡಿ, ಸಂಜೆ ಆಡೋಕೆ ಬಿಡಿ.

ಧಾರವಾಡದ_ಅವ್ವ
ನಮ್ಮ ಕಡೆ ಇದ್ರ ಬಗ್ಗೆ ಮುಚ್ಚುಮರೆ ಇಲ್ರೀ. ಹುಡ್ಗಿ ದೊಡ್ಡಾಕಿ ಆದ್ಲಂದ್ರ ಓಣ್ಯಾಗಿನ ಹೆಣ್ಮಕ್ಳೆಲ್ಲ ಬರ್ತಾರ, ಆರತಿ ಮಾಡ್ತೀವಿ, ಉಡಿ ತುಂಬ್ತೀವಿ, ಒಣಕೊಬ್ಬರಿ ಬೆಲ್ಲ, ಎಳ್ಳಿನ ಚಿಗಳಿ, ಅಂಟಿನುಂಡಿ ಮಾಡಿ ತಿನ್ನಿಸ್ತೀವಿ. ಆ ಹುಡ್ಗಿಗೆ ಎಷ್ಟ್ ಖುಷಿ ಆಗ್ತದ. ನಾಚ್ಕಿ ಪಡೂ ವಿಷಯ ಅಲ್ಲ ಇದು ಅಂತ ಅಲ್ಲೇ ತಿಳೀತದ. ಪುಸ್ತಕ ಓದಿ ಹೇಳೂದಕ್ಕಿಂತ ಇದು ಛಲೋ.

ಗುಡ್ಲಲ್ಲಿ_ಕೂತವಳು
ನಿಮ್ಮ ಪ್ರೀತಿ ಅರ್ಥ ಆಗುತ್ತೆ ಆಂಟಿ, ಆದ್ರೆ ಕೂತ್ಕೊಳ್ಳೋ ಹುಡುಗಿ ಕಡೆಯಿಂದ ಸ್ವಲ್ಪ ಕೇಳಿ. ನಾನೀಗ ಡಿಗ್ರಿ ಓದ್ತಿದೀನಿ, ಮೈಸೂರು ಕಡೆ ಹಳ್ಳಿ. ಏಳನೇ ಕ್ಲಾಸಲ್ಲಿ ಆದಾಗ ಸೋದರಮಾವ ಹಸಿ ಸೊಪ್ಪು ತಂದು ಗುಡ್ಲು ಹಾಕಿದ್ರು, ಅಲ್ಲಿ ತನಕ ಪರ್ವಾಗಿಲ್ಲ. ನಂಗೆ ಏನಾಗಿದೆ ಅಂತಾನೇ ಯಾರೂ ಹೇಳಿರ್ಲಿಲ್ಲ! ಯಾಕೆ ರಕ್ತ, ಎಷ್ಟು ದಿನ, ಮುಂದಿನ ತಿಂಗಳೂ ಬರುತ್ತಾ, ಏನೂ ಇಲ್ಲ. ತಟ್ಟೆ ಬೇರೆ, ಚಾಪೆ ಬೇರೆ. ಆಮೇಲೆ ಒಸಗೆಗೆ ಊರ ಮುಂದೆ ಫ್ಲೆಕ್ಸ್ ಹಾಕ್ಸಿದ್ರು, ನನ್ನ ಫೋಟೊ ದೊಡ್ಡದಾಗಿ, ಅದರ ಪಕ್ಕ ಮಾವಂದಿರ ಫೋಟೊ. ಸ್ಕೂಲಿಗೆ ಹೋಗೋ ದಾರೀಲಿ ಅದು. ಕ್ಲಾಸಿನ ಹುಡುಗ್ರು ಅದನ್ನ ನೋಡಿ ಏನೇನು ಅಂದ್ರು ಅಂತ ಇಲ್ಲಿ ಬರೆಯಲ್ಲ. ಚಿಗಳಿ ಕೊಡಿ, ಆರತಿ ಮಾಡಿ, ಆದ್ರೆ ಮೊದಲು ಆ ಹುಡುಗಿಗೆ ವಿಷಯ ಹೇಳಿ, ಯಾರ್‍ಯಾರನ್ನ ಕರೀಬೇಕು ಅಂತ ಅವಳನ್ನೇ ಕೇಳಿ.

ಧಾರವಾಡದ_ಅವ್ವ
ಫ್ಲೆಕ್ಸ್ ಗಿಕ್ಸ್ ನಮ್ಮಲ್ಲಿ ಇಲ್ಲವಾ ತಂಗಿ. ಅದು ತಪ್ಪು. ಗಂಡಸ್ರನ್ನ ಕರ್ಯೂದೂ ಇಲ್ಲ ನಾವು. ಆದ್ರ ಹುಡ್ಗೀನ ಕೇಳಿ ಮಾಡ್ರಿ ಅಂದಿಯಲ್ಲ ಅದು ಖರೇನ ಐತಿ. ನನ್ನ ಮೊಮ್ಮಗಳು ಬ್ಯಾಡ ಅಂದ್ಲಂದ್ರ ಮನಿಯಾಗ ಹೋಳಿಗಿ ಮಾಡಿ ಸುಮ್ನಾಗ್ತೀನಿ.

ಕುಡ್ಲದ_ಮೀನು
ನಮ್ಮ ತುಳುನಾಡಲ್ಲಿ ಭೂಮಿಗೇ ಮುಟ್ಟು ಅಂತ ಮೂರು ದಿನ ಕೆಡ್ಡಸ ಮಾಡ್ತಾರೆ ಮಾರಾಯ್ರೆ, ಫೆಬ್ರವರಿಯಲ್ಲಿ ಬರ್ತದೆ. ಆಗ ಗದ್ದೆ ಉಳುವ ಹಾಗಿಲ್ಲ, ನೆಲ ಅಗೆಯುವ ಹಾಗಿಲ್ಲ. ಅಕ್ಕಿ ಹುರಿದು ಪುಡಿ ಮಾಡಿ ಬೆಲ್ಲ ತೆಂಗಿನಕಾಯಿ ಹಾಕಿ ತಿಂಡಿ ಮಾಡ್ತಾರೆ, ಕೊನೆಯ ದಿನ ಭೂಮಿಗೆ ಎಣ್ಣೆ ಬಿಡ್ತಾರೆ. ನಾನು ನನ್ನ ಮಗಳಿಗೆ ಮೊದಲ ಸಲ ಹೇಳಿದ್ದು ಕೆಡ್ಡಸದ ದಿನವೇ. ಭೂಮಿಗೆ ಯಾಕೆ ರಜೆ ಅಂತ ಅವಳೇ ಕೇಳಿದ್ದು, ಅಲ್ಲಿಂದ ಮಾತು ಸಲೀಸಾಗಿ ಹೋಯ್ತು. ಅವಳಿಗಾಗ ಎಂಟೂವರೆ ಇರ್ಬೇಕು. ಅಣ್ಣನೂ ಪಕ್ಕದಲ್ಲೇ ಕೂತು ಕೇಳ್ತಿದ್ದ, ಅವನನ್ನು ಎಬ್ಬಿಸಿ ಕಳಿಸ್ಲಿಲ್ಲ.

ತುಂಗಾತೀರ
ಭೂಮಿಗೆ ಎಣ್ಣೆ ಬಿಟ್ಟು ಪೂಜೆ ಮಾಡೋ ರಾಜ್ಯದಲ್ಲೇ ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನ, ಬಾಣಂತೀರನ್ನ ಊರಾಚೆ ಇಡೋದೂ ಇನ್ನೂ ಪೂರ್ತಿ ನಿಂತಿಲ್ಲ. 2023ರಲ್ಲಿ ತುಮಕೂರು ಹತ್ರ ಒಂದು ಹಟ್ಟೀಲಿ ಹೊರಗಿನ ಗುಡಿಸಲಲ್ಲಿ ಇಟ್ಟಿದ್ದ ಬಾಣಂತಿಯ ಮಗು ಮಳೆ ಚಳಿಗೆ ತೀರ್ಕೊಂಡಿದ್ದು ಪೇಪರಲ್ಲಿ ಓದಿ ಎರಡು ದಿನ ಊಟ ಸೇರ್ಲಿಲ್ಲ ನಂಗೆ.

ಎರಡು_ಮಕ್ಕಳ_ತಂದೆ
ವಿಷಯಕ್ಕೆ ಬರೋಣ. ಹುಡುಗಿಗೆ ಹೇಳ್ಬೇಕು ಸರಿ. ಹುಡುಗ್ರಿಗೆ ಇದೆಲ್ಲ ಬೇಕಾ? ನಮಗೆ ಯಾರೂ ಹೇಳ್ಲಿಲ್ಲ, ನಾವೇನು ಹಾಳಾಗಿಲ್ಲ. ಸುಮ್ನೆ ಇಲ್ಲದ್ದು ತಲೆಗೆ ಹಾಕೋದು ಯಾಕೆ.

ಹೈಸ್ಕೂಲ್_ಮೇಷ್ಟ್ರು
ಸರ್, ಇಪ್ಪತ್ತು ವರ್ಷದ ಮೇಲಾಯ್ತು ಹೈಸ್ಕೂಲಲ್ಲಿ ಪಾಠ ಮಾಡೋಕೆ ಶುರು ಮಾಡಿ. ಹುಡುಗ್ರ ತಲೇಲಿ ಆಗ್ಲೇ ಬೇಕಾದಷ್ಟು ಹಾಕಿರ್ತಾರೆ, ಹಾಕೋರು ನಾವಲ್ಲ ಅಷ್ಟೇ. ಬಸ್‌ಸ್ಟ್ಯಾಂಡ್ ಗೋಡೆ ಮೇಲೆ, ರೈಲ್ವೆ ಹಳಿ ಪಕ್ಕದ ಗೋಡೆ ಮೇಲೆ "ಗುಪ್ತರೋಗ, ಧಾತು ನಷ್ಟ, ಒಂದೇ ಕೋರ್ಸಲ್ಲಿ ಗ್ಯಾರಂಟಿ" ಅಂತ ಬರ್ದಿರ್ತಾರಲ್ಲ, ಅದು ಯಾರಿಗೆ ಅಂದ್ಕೊಂಡ್ರಿ? ನೂರು ಹನಿ ರಕ್ತ ಸೇರಿ ಒಂದು ಹನಿ ವೀರ್ಯ ಆಗುತ್ತೆ ಅಂತ ಯಾರೋ ಹೇಳಿರ್ತಾರೆ, ರಾತ್ರಿ ಮಲಗಿದ್ದಾಗ ಚಡ್ಡಿ ಒದ್ದೆ ಆದ್ರೆ ಆ ಹುಡುಗ ತಾನು ಸತ್ತೇ ಹೋಗ್ತೀನಿ ಅಂದ್ಕೋತಾನೆ. ನನ್ನ ಒಬ್ಬ ಸ್ಟೂಡೆಂಟು, ಚೆನ್ನಾಗಿ ಓದೋನು, ಒಂಬತ್ತನೇ ಕ್ಲಾಸು, ಇದ್ದಕ್ಕಿದ್ದಂಗೆ ಕಬಡ್ಡಿ ಬಿಟ್ಟ, ಕೊನೇ ಬೆಂಚಲ್ಲಿ ಕೂರೋಕೆ ಶುರು ಮಾಡಿದ. ಕರ್ದು ಕೂರಿಸ್ಕೊಂಡು ಕೇಳ್ದೆ. ಅಮ್ಮ ಕೊಡ್ತಿದ್ದ ಬಸ್ ಚಾರ್ಜ್ ಕೂಡಿಟ್ಟು ಪೇಟೆಯ ಯಾವನೋ ನಕಲಿ ವೈದ್ಯನ ಹತ್ರ ಪುಡಿ ತರ್ತಿದ್ದ, ದಿನಾ ನಾಲ್ಕು ಕಿಲೋಮೀಟರ್ ನಡ್ಕೊಂಡು ಸ್ಕೂಲಿಗೆ ಬರ್ತಿದ್ದ. ಹಾಳಾಗೋದು ಅಂದ್ರೆ ಇದಲ್ವಾ ಸರ್?

ಮಕ್ಕಳ_ಡಾಕ್ಟ್ರು
ಮೇಷ್ಟ್ರೇ, ಈ ಭಯಕ್ಕೆ ನಮ್ಮ ದೇಶದ ಮನೋವೈದ್ಯರು ಹೆಸರೇ ಇಟ್ಟಿದ್ದಾರೆ, ಧಾತ್ ಸಿಂಡ್ರೋಮ್ ಅಂತ. 1960ರಲ್ಲಿ ಡಾ. ಎನ್. ಎನ್. ವಿಗ್ ಅದನ್ನ ಬರೆದ್ರು. ವೀರ್ಯ ಹೋಗಿ ಯಾರೂ ಸುಸ್ತಾಗಲ್ಲ, ಮೈ ಅದನ್ನ ತಯಾರಿಸ್ತಾನೇ ಇರುತ್ತೆ. ನಿದ್ದೇಲಿ ಹೋಗೋದು ಸಹಜ, ಕೆಲವರಿಗೆ ಹೋಗದೇ ಇರೋದೂ ಸಹಜ. ಇಷ್ಟನ್ನ ಅಪ್ಪ ಎರಡು ನಿಮಿಷದಲ್ಲಿ ಹೇಳ್ಬೋದು.

ಬೆಣ್ಣೆನಗರಿ ಅವರೇ, ನಿಮ್ಮ ಮಗ ಶರ್ಟ್ ಬಿಚ್ಚಲ್ಲ, ಈಜೋಕೆ ಹೋಗಲ್ಲ ಅಂದ್ರಲ್ಲ. ಹುಡುಗ್ರಲ್ಲಿ ಅರ್ಧಕ್ಕರ್ಧ ಜನಕ್ಕೆ ಈ ವಯಸ್ಸಲ್ಲಿ ಎದೆ ಸ್ವಲ್ಪ ಉಬ್ಬುತ್ತೆ, ಮುಟ್ಟಿದ್ರೆ ನೋವೂ ಇರುತ್ತೆ. ಹಾರ್ಮೋನ್ ಹೆಚ್ಚುಕಮ್ಮಿ ಆಗಿ ಬರೋದು, ಹೆಚ್ಚಿನವರಿಗೆ ಒಂದೆರಡು ವರ್ಷದಲ್ಲಿ ತಾನಾಗೇ ಹೋಗುತ್ತೆ. ಯಜಮಾನ್ರಿಗೆ ಹೇಳಿ, ಅವನು ಒಬ್ಬನೇ ಇರೋವಾಗ ಕೇಳಲಿ.

ಎರಡು_ಮಕ್ಕಳ_ತಂದೆ
ಹುಡುಗ್ರಿಗೂ ಎದೆ ಉಬ್ಬುತ್ತಾ? ನಂಗಿದು ಗೊತ್ತೇ ಇರ್ಲಿಲ್ಲ ಡಾಕ್ಟ್ರೇ. ಹುಡುಗ್ರಲ್ಲಿ ಮೊದಲು ಏನು ಬದಲಾಗೋದು? ಮೀಸೆ, ಧ್ವನಿ ಅಲ್ವಾ?

ಮಕ್ಕಳ_ಡಾಕ್ಟ್ರು
ಅಲ್ಲ, ಮೊದಲು ವೃಷಣ ದೊಡ್ಡದಾಗುತ್ತೆ, 9ರಿಂದ 14ರೊಳಗೆ. ಆಮೇಲೆ ಕೂದಲು, ಶಿಶ್ನ ಬೆಳೆಯೋದು, ಎತ್ತರ. ಧ್ವನಿ ಒಡೆಯೋದು, ಮೀಸೆ ಎಲ್ಲ ತಡವಾಗಿ. ಅಂದ್ರೆ ಮೀಸೆ ಕಂಡ್ಮೇಲೆ ಮಾತಾಡೋಣ ಅಂತ ಕಾದ್ರೆ ಹುಡುಗ ಆಗ್ಲೇ ಅರ್ಧ ದಾರಿ ಒಬ್ಬನೇ ಬಂದಿರ್ತಾನೆ. ಹುಡುಗೀರು ಎತ್ತರದಲ್ಲಿ ಎರಡು ವರ್ಷ ಮುಂಚೆ ಜಿಗೀತಾರೆ, ಆರು ಏಳನೇ ಕ್ಲಾಸಲ್ಲಿ ಹುಡುಗ್ರು ಕುಳ್ಳಗೆ ಕಾಣ್ತಾರೆ, ಅದಕ್ಕೂ ಕೊರಗ್ತಾರೆ. ಅದನ್ನೂ ಹೇಳಿ.

ನರ್ಸಕ್ಕ_ರಾಯಚೂರು
ನಾನು ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರದಾಗ) ನರ್ಸ್. ತಾಯಂದ್ರೇ, ಮಾತು ಎಷ್ಟಾದ್ರೂ ಆಡ್ರಿ, ಆದ್ರ ಕೈಯಾಗ ಪ್ಯಾಡ್ ಕೊಟ್ಟು ತೋರ್ಸ್ರಿ. ನಾವು ಸ್ಕೂಲಿಗೆ ಹೋದಾಗ ಮೇಜಿನ ಮ್ಯಾಲ ಒಂದು ಚಡ್ಡಿ ಹಾಸಿ, ಪ್ಯಾಡಿನ ಹಿಂದಿನ ಕಾಗದ ಕಿತ್ತು, ರೆಕ್ಕಿ ಮಡಚಿ ಅಂಟ್ಸಿ ತೋರಿಸ್ತೀವಿ. ಒಂದು ಹುಡ್ಗಿ ಅಂಟು ಇರೂ ಕಡೆ ಮೈಗೆ ಬರೂಹಂಗ ಹಾಕ್ಕೊಂಡು ತೊಡೀ ಸಂದಿ ಎಲ್ಲ ಕೆಂಪಾಗಿ ಬಂದಿತ್ತು, ಪಾಪ ಯಾರೂ ತೋರಿಸಿರ್ಲಿಲ್ಲ. ಮ್ಯಾಲ ಸ್ವಲ್ಪ ನೀರು ಹಾಕಿ ಹ್ಯಾಂಗ ಹೀರ್ಕೊಂತದ ತೋರಿಸ್ರಿ. ನಾಲ್ಕರಿಂದ ಆರು ತಾಸಿಗೊಮ್ಮೆ ಬದಲಿಸ್ಬೇಕು, ರಕ್ತ ಕಮ್ಮಿ ಇದ್ರೂ. ಪೇಪರಿನಾಗ ಸುತ್ತಿ ಕಸಕ್ಕ ಹಾಕ್ಬೇಕು, ಕಮೋಡಿಗೆ ಅಲ್ಲ. ಬಟ್ಟಿ ಬಳಸೋರಿದ್ರ ತೊಳದು ಬಿಸಲಾಗ ಒಣಗಿಸ್ರಿ, ಬಚ್ಚಲಮನಿ ಮೂಲ್ಯಾಗ ಲಂಗದ ಕೆಳಗ ಮುಚ್ಚಿಟ್ಟು ಅಲ್ಲ.

ಸ್ಕೂಲ್ ಬ್ಯಾಗಿನಾಗ ಒಂದು ಸಣ್ಣ ಚೀಲ ಇಡ್ರಿ: ಎರಡು ಪ್ಯಾಡ್, ಒಂದು ಒಳಚಡ್ಡಿ, ಹಳೇ ಪೇಪರ್, ಒಂದು ಕವರ್. ಐದನೇ ಕ್ಲಾಸಿಂದಾನ ಇಡ್ರಿ.

ಮಕ್ಕಳು ಕೇಳೂ ಮೊದಲ್ನೇ ಪ್ರಶ್ನಿ ಏನ್ ಗೊತ್ತೇನ್ರಿ? "ಎಲ್ಲಾ ರಕ್ತ ಹೋಗಿ ಸಾಯ್ತೀವೇನ್ರಿ ಮೇಡಂ". ಒಂದು ಸಲದ ಮುಟ್ಟಿಗೆ ಎಲ್ಲ ದಿನ ಸೇರಿ 30-40 ಎಂಎಲ್ ಅಷ್ಟ ಹೋಗೂದು, ಅರ್ಧ ಚಾ ಕಪ್ಪಿಗೂ ಕಮ್ಮಿ. ಇದೊಂದು ಹೇಳಿದ್ರ ಅವರ ಮುಖಾನ ಬದಲಾಗ್ತದ.

ಬೆಣ್ಣೆನಗರಿ_ಅಮ್ಮ
ಅಕ್ಕ ತುಂಬಾ ಥ್ಯಾಂಕ್ಸ್. ಇದೇ ಬೇಕಿತ್ತು ನಂಗೆ. ನಾಳೆನೇ ಚೀಲ ಹೊಲೀತೀನಿ.

ಶಾಲೆಗೆ_ಪ್ಯಾಡ್_ಬಂತಾ
ನರ್ಸಕ್ಕ, ಸರ್ಕಾರದ ಶುಚಿ ಯೋಜನೆ ಪ್ಯಾಡ್ ನಮ್ಮೂರ ಸರ್ಕಾರಿ ಸ್ಕೂಲಿಗೆ ಒಂದಷ್ಟು ತಿಂಗಳು ಬರುತ್ತೆ, ಆಮೇಲೆ ನಿಂತೋಗುತ್ತೆ. ಕೋವಿಡ್ ಟೈಮಲ್ಲಂತೂ ವರ್ಷಗಟ್ಲೆ ಬರ್ಲೇ ಇಲ್ಲ. ಬಂದ್ರೂ ಸ್ಕೂಲಲ್ಲಿ ಟಾಯ್ಲೆಟ್ಟಿಗೆ ಬಾಗಿಲಿಲ್ಲ, ನೀರಿಲ್ಲ. ನಮ್ಮ ಹುಡುಗೀರು ಆ ಮೂರು ದಿನ ಮನೇಲೇ. ಪುಸ್ತಕದಲ್ಲಿ ಪಾಠ ಇದ್ರೆ ಏನು ಬಂತು.

ನರ್ಸಕ್ಕ_ರಾಯಚೂರು
ಖರೇ ಅದ ನಿಮ್ಮ ಮಾತು. ಎಸ್‌ಡಿಎಂಸಿ (ಸ್ಕೂಲಿನ ಮೇಲುಸ್ತುವಾರಿ ಸಮಿತಿ) ಮೀಟಿಂಗಿನಾಗ ಟಾಯ್ಲೆಟ್ ವಿಷಯ ಬರಸ್ರಿ, ತಾಯಂದ್ರು ನಾಲ್ಕು ಮಂದಿ ಕೂಡಿ ಹೋಗ್ರಿ, ಒಬ್ರು ಹೋದ್ರ ಕೇಳಂಗಿಲ್ಲ. ಪ್ಯಾಡ್ ನಿಂತಾಗ ಜನೌಷಧಿ ಅಂಗಡ್ಯಾಗ ಸುವಿಧಾ ಪ್ಯಾಡ್ ಒಂದು ರೂಪಾಯಿಗೆ ಒಂದು ಸಿಗ್ತದ. ತಾಲ್ಲೂಕ್ ಆಸ್ಪತ್ರ್ಯಾಗ ಸ್ನೇಹ ಕ್ಲಿನಿಕ್ ಅಂತ ಇರ್ತದ, 10ರಿಂದ 19ರ ಮಕ್ಕಳಿಗಂತಾನ, ಹುಡುಗ್ರಿಗೂ. ಆಪ್ತ ಸಮಾಲೋಚಕಿ ಇರ್ತಾರ, ಮಕ್ಕಳು ಒಬ್ಬರ ಕೂತು ಮಾತಾಡಬಹುದು.

ಇನ್ನೊಂದು, ಸ್ಕೂಲಿನಾಗ ವಾರಕ್ಕೊಂದು ನೀಲಿ ಕಬ್ಬಿಣಾಂಶದ ಗುಳಿಗಿ ಕೊಡ್ತಾರ. ಹೊಟ್ಟೀನೋವು ಅಂತ ಮಕ್ಕಳು ಕಿಟಕಿಯಿಂದ ಒಗೀತಾರ. ಊಟ ಆದ್ಮ್ಯಾಲ ತಗೊಂಡ್ರ ತ್ರಾಸು ಕಮ್ಮಿ, ಚಾ ಜೋಡಿ ಬ್ಯಾಡ. ಕಕ್ಕಸ ಕಪ್ಪಗ ಆದ್ರ ಹೆದರಬ್ಯಾಡ್ರಿ.

ಪುಟ್ಟಿಯ_ಅಮ್ಮ
ನನ್ನ ಮಗಳಿಗೆ ಆಟಿಸಂ, ಹನ್ನೊಂದು ವರ್ಷ, ಮಾತು ಕಮ್ಮಿ. ಡೈಪರ್ ಬಿಟ್ಟಿದ್ದೇ ದೊಡ್ಡ ಹೋರಾಟ. ಈಗ ಪ್ಯಾಡ್ ಹೇಗೆ ಒಪ್ತಾಳೆ ಅಂತ ರಾತ್ರಿ ನಿದ್ದೆ ಬರಲ್ಲ. ಕೆಲವರು ಗರ್ಭಕೋಶನೇ ತೆಗೆಸಿಬಿಡಿ ಅಂತ ನನ್ನ ಮುಖಕ್ಕೇ ಹೇಳಿದಾರೆ.

ಸ್ಪೆಷಲ್_ಟೀಚರ್
ಆ ಮಾತನ್ನ ತಲೆಗೆ ಹಾಕ್ಕೋಬೇಡಿ. ನಮ್ಮ ಮಕ್ಕಳು ಕಲೀತಾರೆ, ಟೈಮ್ ಬೇಕು ಅಷ್ಟೇ. ಬರೋದಕ್ಕೆ ಮುಂಚೆನೇ ಶುರು ಮಾಡಿ. ಮೊದಲು ಖಾಲಿ ಪ್ಯಾಡ್ ಕೈಯಲ್ಲಿ ಹಿಡಿಯೋದು, ಆಮೇಲೆ ಸ್ನಾನ ಆದ್ಮೇಲೆ ಐದು ನಿಮಿಷ ಹಾಕ್ಕೊಂಡಿರೋದು, ಆಮೇಲೆ ಅರ್ಧ ಗಂಟೆ. ಅಂಟೋದು ಇಷ್ಟ ಆಗದಿದ್ರೆ ಮುಟ್ಟಿಗೆ ಅಂತಾನೇ ಬರೋ ದಪ್ಪ ಒಳಚಡ್ಡಿ ಸಿಗುತ್ತೆ, ತೊಳ್ದು ಬಳಸ್ಬೋದು. ಬಾತ್ರೂಮ್ ಗೋಡೆ ಮೇಲೆ ಫೋಟೊ ಅಂಟಿಸಿ, ನಿಮ್ಮ ಮನೆ ಬಾತ್ರೂಮಿನದ್ದೇ ಫೋಟೊ: ಚಡ್ಡಿ ಇಳಿಸೋದು, ಪ್ಯಾಡ್ ತೆಗೆಯೋದು, ಸುತ್ತೋದು, ಡಬ್ಬಕ್ಕೆ ಹಾಕೋದು, ಹೊಸದು, ಕೈ ತೊಳೆಯೋದು. ಕೆಂಪು ಕಂಡ್ರೆ ಗಾಬರಿ ಆಗ್ಬಾರ್ದು ಅಂತ ನಾವು ಪ್ಯಾಡ್ ಮೇಲೆ ಬೀಟ್ರೂಟ್ ರಸ ಹಾಕಿ ತೋರಿಸ್ತೀವಿ. ನಿಮ್ಮ ಮುಟ್ಟಿನ ದಿನ ಅವಳಿಗೆ ನೋಡೋಕೆ ಬಿಡಿ. ಯಾವ್ಯಾವ ಜಾಗ ಯಾರೂ ಮುಟ್ಟಬಾರ್ದು ಅನ್ನೋದನ್ನೂ ಇದರ ಜೊತೆಗೇ ಹೇಳ್ಕೊಡಿ. ಮಾತು ಕಮ್ಮಿ ಇರೋ ಮಗೂಗೆ ಅದು ಬೇರೆಯವರಿಗಿಂತ ಹೆಚ್ಚು ಬೇಕು.

ಪುಟ್ಟಿಯ_ಅಮ್ಮ
ಬೀಟ್ರೂಟ್ ಐಡಿಯಾ ಯಾರೂ ಹೇಳಿರ್ಲಿಲ್ಲ. ಇವತ್ತಿಂದ್ಲೇ ಶುರು ಮಾಡ್ತೀನಿ. ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ.

ಮಂಡ್ಯ_ಗೌಡ್ರು
ಒಂದು ಡೌಟು. ನಮ್ಮ ತಂಗಿ ಮಗ್ಳಿಗೆ ಹನ್ನೊಂದಕ್ಕೇ ಆಯ್ತು. ಎತ್ತರ ನಿಂತೋಗ್ತದೆ, ಒಂದೆರಡು ವರ್ಷ ಮುಂದಕ್ಕೆ ಹಾಕೋ ಇಂಜೆಕ್ಷನ್ ಇದೆ ಅಂತ ಯಾರೋ ಹೇಳವ್ರೆ, ಹಾಕ್ಸೋದಾ?

ಮಕ್ಕಳ_ಡಾಕ್ಟ್ರು
ಬೇಡ. ಆ ಇಂಜೆಕ್ಷನ್ ಇರೋದು ನಿಜ, ಆದ್ರೆ ಎಂಟರೊಳಗೆ ಶುರುವಾಗೋ ಮಕ್ಕಳಿಗೆ, ಅದೂ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಎಲುಬಿನ ವಯಸ್ಸು ನೋಡಿ, ಹಾರ್ಮೋನ್ ತಜ್ಞರು ನಿರ್ಧಾರ ಮಾಡೋದು. ಹನ್ನೊಂದು ಸರಿಯಾದ ವಯಸ್ಸೇ. ಮುಟ್ಟು ಬಂದ್ಮೇಲೂ ಸಾಮಾನ್ಯವಾಗಿ ಐದರಿಂದ ಏಳು ಸೆಂಟಿಮೀಟರ್ ಬೆಳೀತಾರೆ.

ಹಾಗೇ ಇನ್ನೊಂದು ಮಾತು. ಮೊದಲ ಒಂದೆರಡು ವರ್ಷ ಮುಟ್ಟು ಸರಿಯಾಗಿ ತಿಂಗಳಿಗೇ ಬರಲ್ಲ, 21ರಿಂದ 45 ದಿನದವರೆಗೆ ಅಂತರ ಇರ್ಬೋದು. ಮೂರು ತಿಂಗಳು ಬರದೇ ಹೋದ್ರೆ, ಏಳು ದಿನ ಮೀರಿ ಹೋಗ್ತಿದ್ರೆ, ಗಂಟೆಗೊಂದು ಪ್ಯಾಡ್ ತೋಯ್ತಿದ್ರೆ, ನೋವಿಗೆ ಸ್ಕೂಲ್ ತಪ್ಪಿಸೋ ಹಂಗಾದ್ರೆ ತೋರಿಸಿ. "ಮದ್ವೆ ಆದ್ಮೇಲೆ ಸರಿಹೋಗುತ್ತೆ" ಅಂತ ನೋವು ನುಂಗಿಸ್ಬೇಡಿ.

ಗುಡ್ಲಲ್ಲಿ_ಕೂತವಳು
ಆ "ಮದ್ವೆ ಆದ್ಮೇಲೆ ಸರಿಹೋಗುತ್ತೆ" ನಂಗೂ ಹೇಳಿದ್ರು. ಹಿಮೋಗ್ಲೋಬಿನ್ 7ಕ್ಕೆ ಇಳಿದ್ಮೇಲೆ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು.

ಇಂಗ್ಲೆಂಡ್_ಕನ್ನಡತಿ
ಇಲ್ಲಿ ಇಂಗ್ಲೆಂಡಲ್ಲಿ 2020ರಿಂದ ಸರ್ಕಾರಿ ಸ್ಕೂಲುಗಳಲ್ಲಿ ಮೈ ಬದಲಾವಣೆ, ಮುಟ್ಟು ಎಲ್ಲ ಕಡ್ಡಾಯ ಪಾಠ, ಪ್ರೈಮರಿಯಲ್ಲೇ ಹುಡುಗ ಹುಡುಗಿ ಇಬ್ಬರಿಗೂ. ನನ್ನ ಮಗ ಒಂದಿನ ಬಂದು "ಅಮ್ಮ ನಿಂಗೆ ಹೊಟ್ಟೆ ನೋಯ್ತಿದ್ಯಾ, ಬಿಸಿನೀರು ಚೀಲ ಕೊಡ್ಲಾ" ಅಂದ. ನಮ್ಮ ಕಡೆ ಯಾವಾಗ ಹೀಗಾಗುತ್ತೋ.

ಹೈಸ್ಕೂಲ್_ಮೇಷ್ಟ್ರು
ನಮ್ಮಲ್ಲಿ 2007ರಲ್ಲಿ ಹದಿಹರೆಯದ ಶಿಕ್ಷಣ ಅಂತ ಬಂದಾಗ ಗಲಾಟೆ ಆಗಿ ರಾಜ್ಯದಲ್ಲಿ ನಿಲ್ಲಿಸಿದ್ರು, ನೆನಪಿದೆ ನಂಗೆ. ಎಂಟನೇ ಕ್ಲಾಸು ವಿಜ್ಞಾನದಲ್ಲಿ ಪಾಠ ಇತ್ತು, ಎಷ್ಟೋ ಜನ "ಮನೇಲಿ ಓದ್ಕೊಳ್ಳಿ" ಅಂತ ದಾಟಿಸಿಬಿಡ್ತಿದ್ರು. ಎಂಟನೇ ಕ್ಲಾಸಿಗೆ ಬರೋಷ್ಟರಲ್ಲಿ ಬಹಳಷ್ಟು ಹುಡುಗೀರಿಗೆ ಆಗಿಯೇ ಹೋಗಿರುತ್ತೆ. ಅದಕ್ಕೇ ಸ್ಕೂಲನ್ನ ನಂಬ್ಕೊಂಡು ಕೂರ್ಬೇಡಿ ಅನ್ನೋದು ನಾನು.

ಎಚ್‌ಆರ್_ಹುಡುಗಿ
ಈಗ ಕೆಲಸ ಮಾಡೋ ಹೆಂಗಸರಿಗೆ ತಿಂಗಳಿಗೊಂದು ದಿನ ಮುಟ್ಟಿನ ರಜೆ ಅಂತ 2025ರಲ್ಲಿ ರಾಜ್ಯ ಸರ್ಕಾರ ತಂತಲ್ಲ, ಅದನ್ನ ಮನೇಲಿ ಮಕ್ಕಳ ಮುಂದೆ ಮಾತಾಡಿ. ನಮ್ಮ ಆಫೀಸಲ್ಲಿ ಕೇಳೋಕೆ ನಾಚ್ಕೋತಾರೆ ಇನ್ನೂ.

ಎರಡು_ಮಕ್ಕಳ_ತಂದೆ
ರಜೆ ಬಗ್ಗೆ ಬೇರೆ ಥ್ರೆಡ್ ಮಾಡಿ ಪ್ಲೀಸ್, ಇದು ಹಳ್ಳ ಹಿಡಿಯುತ್ತೆ. ಮೇಷ್ಟ್ರೇ, ನಿಮ್ಮ ಮಾತು ಕೇಳಿ ನಾನು ಮಗನ್ನ ಬೈಕಲ್ಲಿ ಕರ್ಕೊಂಡು ಹೊರಟೆ. ಎದುರು ಬದುರು ಕೂತ್ರೆ ನಂಗೆ ಮಾತು ಬರಲ್ಲ, ಅವನು ಹಿಂದೆ ಕೂತಿದ್ರೆ ಮುಖ ನೋಡೋ ಗೋಜಿಲ್ಲ. ಎಳನೀರು ಕುಡ್ಯೋ ತನಕ ಅರ್ಧ ವಿಷಯ ಆಗಿತ್ತು. ಫೋನಲ್ಲಿ ಫ್ರೆಂಡ್ಸು ಕಳ್ಸೋ ವಿಡಿಯೋ ಬಗ್ಗೆ ಅವನೇ ಬಾಯಿಬಿಟ್ಟ. ಅದರಲ್ಲಿರೋದು ನಟನೆ ಕಣೋ, ನಿಜವಾದ ಮೈ ಹಾಗಿರಲ್ಲ ಅಂದೆ. ಇನ್ನೇನು ಹೇಳ್ಬೇಕಿತ್ತು?

ಹೈಸ್ಕೂಲ್_ಮೇಷ್ಟ್ರು
ಅಷ್ಟು ಸಾಕು ಸದ್ಯಕ್ಕೆ. ಒಂದೇ ಸಲ ಎಲ್ಲ ಹೇಳಿ ಮುಗಿಸೋ ಲೆಕ್ಚರ್ ಅಲ್ಲ ಇದು. ಯಾರಾದ್ರೂ ಫೋಟೊ ಕೇಳಿದ್ರೆ, ಹೆದರಿಸಿದ್ರೆ, ಮುಟ್ಟಿದ್ರೆ ನಂಗೆ ಮೊದಲು ಹೇಳು, ನಾನು ಹೊಡೆಯಲ್ಲ ಅಂತ ಮುಂದಿನ ಸಲ ಹೇಳಿ. ಮಕ್ಕಳ ಸಹಾಯವಾಣಿ 1098 ನಂಬರ್ ಇಬ್ಬರು ಮಕ್ಕಳಿಗೂ ಬಾಯಿಪಾಠ ಮಾಡ್ಸಿ. ಹುಡುಗ್ರ ಮೇಲೂ ದೌರ್ಜನ್ಯ ಆಗುತ್ತೆ, ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡೋ ಪೋಕ್ಸೊ ಕಾಯ್ದೆ ಹುಡುಗ್ರಿಗೂ ಇದೆ.

ಬೆಣ್ಣೆನಗರಿ_ಅಮ್ಮ
ಅಪ್‌ಡೇಟ್ ಕೊಡ್ತೀನಿ. ಡಾಕ್ಟ್ರಿಗೆ ತೋರಿಸಿದ್ವಿ, ಏನೂ ಇಲ್ಲ, ಬೆಳವಣಿಗೆನೇ ಅಂದ್ರು. ಡಾಕ್ಟ್ರು ಮಗಳ ಜೊತೆನೇ ಮಾತಾಡಿದ್ರು, ದೊಡ್ಡಮ್ಮನ ಕಾಯಿಲೆಗೂ ಇದಕ್ಕೂ ಸಂಬಂಧ ಇಲ್ಲ ಅಂತ ಬಿಡಿಸಿ ಹೇಳಿದ್ರು. ಬರ್ತಾ ಆಟೋದಲ್ಲಿ ಅವಳು "ಹಂಗಾದ್ರೆ ಇನ್ನೊಂದು ಕಡೆ ಯಾವಾಗ ಬರುತ್ತೆ" ಅಂತ ಕೇಳಿದ್ಲು. ಮಗನದ್ದು ಇಲ್ಲಿ ಡಾಕ್ಟ್ರು ಬರೆದಿದ್ದೇ ನಿಜ ಆಯ್ತು, ಕ್ಲಾಸಲ್ಲಿ ಯಾರೋ "ಹುಡುಗಿ" ಅಂತ ಹೀಯಾಳಿಸಿದ್ರಂತೆ. ಯಜಮಾನ್ರು ಈ ಥ್ರೆಡ್ ಪೂರ್ತಿ ಓದಿ ಸುಮ್ನೆ ಎದ್ದು ಹೋಗಿ ಅವನ ರೂಮಲ್ಲಿ ಕೂತ್ರು, ಏನು ಮಾತಾಡಿದ್ರೋ ನಾನು ಕೇಳ್ಲಿಲ್ಲ. ಅತ್ತೆ ಇನ್ನೂ ಮುಖ ಊದಿಸ್ಕೊಂಡಿದಾರೆ, ಅದು ನಿಧಾನಕ್ಕೆ ಸರಿಹೋಗುತ್ತೆ.

ಧಾರವಾಡದ_ಅವ್ವ
ಅತ್ತಿಯವರಿಗೆ ಚಿಗಳಿ ಮಾಡೂ ಜವಾಬ್ದಾರಿ ಕೊಡ್ರಿ, ಸರಿ ಹೋಗ್ತಾರ.

ಹೊಸಪೇಟೆ_ಲಾರಿ
ತಡವಾಗಿ ಬರಿತಿದೀನಿ, ಲೋಡ್ ಮೇಲಿದ್ದೆ. ನಂದು ಲಾರಿ ಡ್ರೈವಿಂಗು, ಹೆಂಡ್ತಿ ತೀರ್ಕೊಂಡು ಮೂರು ವರ್ಷ. ಮಗಳು ಹನ್ನೊಂದು, ನಮ್ಮವ್ವನ ಹತ್ರ ಇದಾಳೆ. ಅವ್ವಂಗೆ ಕಣ್ಣು ಕಾಣಲ್ಲ ಸರಿಯಾಗಿ. ಗಂಡಸು ನಾನು ಹೇಳಿದ್ರೆ ಮಗಳು ನಾಚ್ಕೋತಾಳೇನೋ, ತಪ್ಪಾಗುತ್ತೇನೋ ಅಂತ ಹಿಂಜರಿಕೆ.

ನರ್ಸಕ್ಕ_ರಾಯಚೂರು
ಏನೂ ತಪ್ಪಿಲ್ಲಪ್ಪ. ನೀನ ಹೇಳು. ಉದ್ದ ಮಾತು ಬ್ಯಾಡ. "ನಿಂಗ ಇನ್ನ ಸ್ವಲ್ಪ ದಿನದಾಗ ಮುಟ್ಟು ಬರಬಹುದು, ಎಲ್ಲಾ ಹೆಣ್ಮಕ್ಕಳಿಗೂ ಬರ್ತದ, ಪ್ಯಾಡ್ ಈ ಕಪಾಟಿನಾಗ ಇಟ್ಟೀನಿ, ಬಂದ್ರ ನಂಗ ಫೋನ್ ಮಾಡು, ಎಲ್ಲೇ ಇದ್ರೂ ಎತ್ತತೀನಿ" ಇಷ್ಟ ಸಾಕು. ಹ್ಯಾಂಗ ಹಾಕ್ಕೋಬೇಕು ಅನ್ನೂದು ನಿಮ್ಮ ಓಣಿ ಆಶಾ ಅಕ್ಕಾಗ ಹೇಳು, ಮನೀಗೇ ಬಂದು ತೋರಿಸ್ತಾಳ. ಕ್ಲಾಸ್ ಟೀಚರಿಗೂ ಒಂದ್ ಮಾತು ಹೇಳಿಡು.

ಹೊಸಪೇಟೆ_ಲಾರಿ
ಆಶಾ ಅಕ್ಕ ನಮ್ಮ ಹಿಂದಿನ ಬೀದಿಯೋರೇ. ಭಾನುವಾರ ಊರಿಗೆ ಹೋಗ್ತೀನಿ. ಮೆಡಿಕಲಲ್ಲಿ ಹತ್ತು ಥರ ಇರ್ತಾವೆ ಅಕ್ಕ, ಯಾವುದು ಕೇಳ್ಲಿ?

ನರ್ಸಕ್ಕ_ರಾಯಚೂರು
ರೆಗ್ಯುಲರ್ ಸೈಜು, ರೆಕ್ಕಿ ಇರೂದು, ಸೆಂಟ್ ವಾಸನಿ ಇಲ್ಲದ್ದು. ರಾತ್ರಿಗೆ ಅಂತ ಒಂದು ಉದ್ದಂದು. ಎರಡು ಪ್ಯಾಕೆಟ್ ಸಾಕು, ಜೋಡಿ ನಾಲ್ಕು ಕಪ್ಪು ಒಳಚಡ್ಡಿ ತಗೋ.